ಕಣ್ಣು ಕಾಣದವರಿಗೆ ಸ್ಮಾರ್ಟ್‌ಫೋನ್ ಕಲಿಸುವುದು ಹೇಗೆ? ಟಾಕ್‌ಬ್ಯಾಕ್‌ನಿಂದ ಶುರುಮಾಡಿ ಕನ್ನಡ ಪುಸ್ತಕ ಓದುವವರೆಗೆ

ನಮ್ಮಲ್ಲಿ ಒಂದು ರೂಢಿ ಇದೆ. ಕಣ್ಣು ಕಾಣದವರ ಕೈಗೆ ಒಂದು ಫೋನ್ ಕೊಡುತ್ತಾರೆ, ಹಾರ ಹಾಕಿ ಫೋಟೋ ತೆಗೆಸುತ್ತಾರೆ, ಅಲ್ಲಿಗೆ ಕೆಲಸ ಮುಗಿಯಿತು. ಆರು ತಿಂಗಳು ಬಿಟ್ಟು ಹೋಗಿ ನೋಡಿ, ಆ ಫೋನ್ ಮನೆಯ ಹುಡುಗರ ಕೈಯಲ್ಲಿರುತ್ತದೆ. ಇದರಲ್ಲಿ ಪಡೆದವರ ತಪ್ಪು ಏನೂ ಇಲ್ಲ. ಪಕ್ಕದಲ್ಲಿ ಕೂತು ಕಲಿಸುವವರು ಯಾರೂ ಇರಲಿಲ್ಲ.

ಈ ಬರಹ ಆ ಕಲಿಸುವವರಿಗಾಗಿ. ನೀವು ಮನೆಯವರಾಗಿರಬಹುದು, ಶಾಲೆಯ ಮೇಷ್ಟ್ರಾಗಿರಬಹುದು, ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರಾಗಿರಬಹುದು. ಕಂಪ್ಯೂಟರ್ ಕೋರ್ಸ್ ಮಾಡಿರಬೇಕಿಲ್ಲ. ತಾಳ್ಮೆ ಬೇಕು, ಜೊತೆಗೆ ಒಂದು ನಿಯಮ ಪಾಲಿಸಬೇಕು: ಕಲಿಯುವವರ ಕೈಯಿಂದ ಫೋನ್ ಕಿತ್ತುಕೊಳ್ಳಬೇಡಿ. "ಕೊಡಿ ಇಲ್ಲಿ, ನಾನು ಮಾಡಿಕೊಡ್ತೀನಿ" ಅಂದ ಕ್ಷಣ ಪಾಠ ನಿಂತುಹೋಗುತ್ತದೆ.

ಇನ್ನೊಂದು ವಿಷಯ ಎಷ್ಟೋ ಜನರಿಗೆ ಗೊತ್ತೇ ಇಲ್ಲ. ಪರದೆಯ ಮೇಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಇವತ್ತಿನ ಬಹುತೇಕ ಎಲ್ಲ ಆಂಡ್ರಾಯ್ಡ್ ಫೋನಿನಲ್ಲೂ ಮೊದಲೇ ಇರುತ್ತದೆ. ಅದಕ್ಕೆ ಬೇರೆ ದುಡ್ಡು ಇಲ್ಲ, ವಿಶೇಷ ಫೋನ್ ಬೇಕಿಲ್ಲ. ಐಫೋನಿನಲ್ಲಿ ಇದೇ ಕೆಲಸಕ್ಕೆ ವಾಯ್ಸ್‌ಓವರ್ ಇದೆ, ಅದಕ್ಕೂ ಈಗ ಕನ್ನಡ ಧ್ವನಿ ಬಂದಿದೆ. ನಾನು ಇಲ್ಲಿ ಆಂಡ್ರಾಯ್ಡ್ ಬಗ್ಗೆ ಮಾತ್ರ ಬರೆಯುತ್ತೇನೆ. ನಮ್ಮ ಊರುಗಳಲ್ಲಿ ಜಾಸ್ತಿ ಇರುವುದು ಅದೇ ಅಲ್ವಾ.

ಮೊದಲು ನೀವು ಕಲಿಯಿರಿ

ನಿಮ್ಮದೇ ಫೋನಿನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ, ಆಕ್ಸೆಸಿಬಿಲಿಟಿ ತೆರೆಯಿರಿ. ಕೆಲವು ಫೋನುಗಳಲ್ಲಿ ಇದು ಒಳಗೆಲ್ಲೋ ಅಡಗಿರುತ್ತದೆ, ಸೆಟ್ಟಿಂಗ್ಸ್‌ನ ಹುಡುಕಾಟದಲ್ಲಿ ಟಾಕ್‌ಬ್ಯಾಕ್ ಅಂತ ಹಾಕಿದರೆ ಸಿಗುತ್ತದೆ. ಆನ್ ಮಾಡುವ ಮೊದಲು ಅಲ್ಲೇ ಇರುವ ಶಾರ್ಟ್‌ಕಟ್ ಆನ್ ಮಾಡಿಕೊಳ್ಳಿ. ಆಮೇಲೆ ವಾಲ್ಯೂಮ್ ಕೀ ಎರಡನ್ನೂ ಒಟ್ಟಿಗೆ ಸುಮಾರು 3 ಸೆಕೆಂಡ್ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ, ಮತ್ತೆ ಹಾಗೇ ಮಾಡಿದರೆ ನಿಲ್ಲುತ್ತದೆ. ಇದು ಗೊತ್ತಿಲ್ಲದೆ ಸುಮ್ನೆ ಆನ್ ಮಾಡಿದವರು ಗಾಬರಿಯಾಗುತ್ತಾರೆ, ಏಕೆಂದರೆ ಟಾಕ್‌ಬ್ಯಾಕ್ ಬಂದ ಮೇಲೆ ಒಂದು ಸಲ ಮುಟ್ಟಿದರೆ ಏನೂ ತೆರೆಯುವುದಿಲ್ಲ. ಮುಟ್ಟಿದ್ದರ ಹೆಸರನ್ನು ಓದುತ್ತದೆ ಅಷ್ಟೇ. ತೆರೆಯಲು ಎರಡು ಸಲ ಬೇಗಬೇಗ ತಟ್ಟಬೇಕು.

ಒಂದು ವಾರ ದಿನಾ ಸ್ವಲ್ಪ ಹೊತ್ತು ಹೀಗೇ ಬಳಸಿ. ಮೂರು ಬೆರಳಲ್ಲಿ ಒಂದು ಸಲ ತಟ್ಟಿದರೆ ತೆರೆಯುವ ಟಾಕ್‌ಬ್ಯಾಕ್ ಮೆನುವಿನಲ್ಲಿ ಪರದೆಯನ್ನು ಪೂರ್ತಿ ಕಪ್ಪು ಮಾಡುವ ಆಯ್ಕೆ ಇದೆ. ಅದನ್ನು ಹಾಕಿಕೊಂಡು ಒಬ್ಬರಿಗೆ ಕರೆ ಮಾಡಿ, ಒಂದು ಮೆಸೇಜ್ ಓದಿ, ಅಲಾರಂ ಇಡಿ. ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರೋ ನಿಮ್ಮ ಕಲಿಯುವವರೂ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಅದು ನಿಮ್ಮ ಕಿವಿಗೂ ಬೆರಳಿಗೂ ಮೊದಲೇ ಗೊತ್ತಿರಬೇಕು.

ಫೋನನ್ನು ಸಿದ್ಧ ಮಾಡುವುದು

ಇದನ್ನು ಪಾಠಕ್ಕೆ ಮುಂಚೆಯೇ, ಕಲಿಯುವವರನ್ನು ಕೇಳಿ, ಅವರಿಗೆ ಹೇಳುತ್ತಾ ಮಾಡಿ.

ಮೊದಲು ಧ್ವನಿ. ಆಕ್ಸೆಸಿಬಿಲಿಟಿಯಲ್ಲೇ ಟೆಕ್ಸ್ಟ್ ಟು ಸ್ಪೀಚ್ ಅನ್ನುವ ಭಾಗ ಇರುತ್ತದೆ. ಅಲ್ಲಿ ಗೂಗಲ್‌ನ ಎಂಜಿನ್ ಆರಿಸಿ, ಕನ್ನಡದ ಧ್ವನಿ ಡೇಟಾ ಡೌನ್‌ಲೋಡ್ ಮಾಡಿ. ಡೌನ್‌ಲೋಡ್ ಆಗಿದ್ದರೆ ನೆಟ್ ಇಲ್ಲದ ಜಾಗದಲ್ಲೂ ಫೋನ್ ಕನ್ನಡದಲ್ಲಿ ಮಾತಾಡುತ್ತದೆ. ಫೋನಿನ ಭಾಷೆಯನ್ನೂ ಕನ್ನಡ ಮಾಡಬೇಕಾ? ಇದನ್ನು ಕಲಿಯುವವರೇ ತೀರ್ಮಾನಿಸಲಿ. ಶಾಲೆಯಲ್ಲಿ ಇಂಗ್ಲಿಷ್ ಕಲಿತವರು ಬೇಡ ಅನ್ನಬಹುದು. ಇಂಗ್ಲಿಷ್ ಕಿವಿಗೆ ಬಿದ್ದಿಲ್ಲದ ಹಿರಿಯರಿಗೆ ಕನ್ನಡವೇ ಸರಿ. ಮಾತಿನ ವೇಗ ಕಡಿಮೆ ಇಡಿ. ರೂಢಿಯಾದ ಮೇಲೆ ಅವರೇ ಏರಿಸಿಕೊಳ್ಳುತ್ತಾರೆ. ಪಳಗಿದವರು ಇಡುವ ವೇಗ ನಿಮಗೆ ಒಂದಕ್ಷರವೂ ಅರ್ಥವಾಗದಷ್ಟು ಜೋರಾಗಿರುತ್ತದೆ.

ಕೆಳಗಿನ ಅಂಚಿನಿಂದ ಸ್ವೈಪ್ ಮಾಡುವ ಹೊಸ ಪದ್ಧತಿ ಇದ್ದರೆ ತೆಗೆದು, ಹಿಂದೆ, ಹೋಮ್, ಇತ್ತೀಚಿನವು ಎಂಬ ಮೂರು ಬಟನ್ನುಗಳ ಹಳೆಯ ಪದ್ಧತಿ ಹಾಕಿ. ಬೆರಳಿಗೆ ಹುಡುಕಲು ಒಂದು ನಿಗದಿತ ಜಾಗ ಸಿಗುತ್ತದೆ. ಪರದೆ ತಿರುಗುವುದನ್ನು ನಿಲ್ಲಿಸಿ. ಪರದೆ ಆರುವ ಸಮಯವನ್ನು ಜಾಸ್ತಿ ಮಾಡಿ. ಲಾಕ್‌ಗೆ ಬೆರಳಚ್ಚು ಇಡಿ, ಪ್ಯಾಟರ್ನ್ ಬೇಡ. ಪವರ್ ಬಟನ್ ಒತ್ತಿದರೆ ಕರೆ ಕಟ್ ಆಗುವ ಆಯ್ಕೆಯೂ ಆಕ್ಸೆಸಿಬಿಲಿಟಿಯಲ್ಲಿ ಇರುತ್ತದೆ, ಅದನ್ನು ಆನ್ ಮಾಡಿ. ಹೋಮ್ ಪರದೆಯಲ್ಲಿ ನಾಲ್ಕೇ ಆ್ಯಪ್ ಉಳಿಸಿ: ಫೋನ್, ಮೆಸೇಜ್, ವಾಟ್ಸ್‌ಆ್ಯಪ್, ಗಡಿಯಾರ. ಉಳಿದವು ಆಮೇಲೆ ಬರಲಿ.

ಒಂದು ಮಾತು. ಎಲ್ಲರಿಗೂ ಟಾಕ್‌ಬ್ಯಾಕ್ ಬೇಕಾಗುವುದಿಲ್ಲ. ಅಂಧರು ಎಂದು ನಾವು ಕರೆಯುವ ಎಷ್ಟೋ ಜನರಿಗೆ ಸ್ವಲ್ಪ ಕಾಣುತ್ತದೆ. ಅವರಿಗೆ ಮೊದಲು ದೊಡ್ಡ ಅಕ್ಷರ, ಕಪ್ಪು ಹಿನ್ನೆಲೆ, ಪರದೆ ಹಿಗ್ಗಿಸುವ ಸೌಲಭ್ಯ ತೋರಿಸಿ. ಬೆಳಗ್ಗೆ ಹಿಗ್ಗಿಸಿ ಓದುವುದು, ಸಂಜೆ ಕಣ್ಣು ದಣಿದಾಗ ಟಾಕ್‌ಬ್ಯಾಕ್ ಕೇಳುವುದು, ಹೀಗೆ ಎರಡನ್ನೂ ಬಳಸುವವರು ಇದ್ದಾರೆ.

ಮೊದಲ ಪಾಠ: ಬೆರಳು

ಗದ್ದಲವಿಲ್ಲದ ಜಾಗದಲ್ಲಿ ಕೂರಿ. ಫ್ಯಾನಿನ ಸದ್ದೂ ಕೆಲವರಿಗೆ ಅಡ್ಡಿಯಾಗುತ್ತದೆ. ಒಂದು ಪಾಠಕ್ಕೆ ಮುಕ್ಕಾಲು ಗಂಟೆ ಸಾಕು. ಬರೀ ಕೇಳುತ್ತಾ ಕಲಿಯುವುದು ತಲೆಗೆ ತುಂಬಾ ದಣಿವು ತರುತ್ತದೆ.

ಫೋನನ್ನು ಆಫ್ ಮಾಡಿ ಕೈಗೆ ಕೊಡಿ. ಮೇಲೆ ಯಾವುದು, ಕೆಳಗೆ ಯಾವುದು, ಚಾರ್ಜರ್ ತೂತು ಎಲ್ಲಿದೆ, ವಾಲ್ಯೂಮ್ ಎಲ್ಲಿ, ಪವರ್ ಎಲ್ಲಿ ಅಂತ ಅವರೇ ಸವರಿ ಕಂಡುಕೊಳ್ಳಲಿ. ಪವರ್ ಬಟನ್ ಮೇಲೆ ಒಂದು ಹನಿ ಉಗುರುಬಣ್ಣ ಹಚ್ಚಿ ಒಣಗಿಸಿದರೆ ಬೆರಳಿಗೆ ಗುರುತು ಸಿಗುತ್ತದೆ. ಆಮೇಲೆ ಆನ್ ಮಾಡಿ.

ಈಗ ನಾಲ್ಕು ಚಲನೆ ಮಾತ್ರ ಕಲಿಸಿ.

ಒಂದು ಬೆರಳನ್ನು ಎಡದಿಂದ ಬಲಕ್ಕೆ ಸರಕ್ಕನೆ ಎಳೆದರೆ ಮುಂದಿನದು. ಬಲದಿಂದ ಎಡಕ್ಕೆ ಎಳೆದರೆ ಹಿಂದಿನದು. ಎಲ್ಲಿ ಬೇಕಾದರೂ ಎರಡು ಸಲ ತಟ್ಟಿದರೆ ಈಗ ಕೇಳಿದ್ದು ತೆರೆಯುತ್ತದೆ. ಎರಡು ಬೆರಳಲ್ಲಿ ಒಂದು ಸಲ ತಟ್ಟಿದರೆ ಮಾತು ನಿಲ್ಲುತ್ತದೆ. ಈ ಕೊನೆಯದನ್ನು ಬೇಗ ಕಲಿಸಿ. ಫೋನ್ ಬಡಬಡಿಸುವುದನ್ನು ನಿಲ್ಲಿಸುವ ಅಧಿಕಾರ ತನ್ನ ಕೈಯಲ್ಲಿದೆ ಅಂತ ಗೊತ್ತಾದ ಮೇಲೆ ಹೆದರಿಕೆ ಅರ್ಧ ಕಡಿಮೆಯಾಗುತ್ತದೆ.

ಹೊಸಬರ ಸ್ವೈಪ್ ಸಾಮಾನ್ಯವಾಗಿ ನಿಧಾನ. ಬೆರಳನ್ನು ಒತ್ತಿ ಎಳೆಯುತ್ತಾರೆ. ಫೋನ್ ಅದನ್ನು ಸವರಿ ಹುಡುಕುವುದು ಅಂದುಕೊಂಡು ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ಓದುತ್ತದೆ. "ಇನ್ನೂ ಬೇಗ" ಅಂದರೆ ಅವರು ಇನ್ನೂ ಗಟ್ಟಿಯಾಗಿ ಒತ್ತುತ್ತಾರೆ. ಅದರ ಬದಲು, ಅವರ ಒಪ್ಪಿಗೆ ಕೇಳಿ, ಅವರ ಅಂಗೈ ಮೇಲೆ ನಿಮ್ಮ ಬೆರಳಿನಿಂದ ಸ್ವೈಪ್ ಮಾಡಿ ತೋರಿಸಿ. ಒತ್ತಡ ಎಷ್ಟು, ವೇಗ ಎಷ್ಟು ಅನ್ನುವುದು ಚರ್ಮಕ್ಕೆ ತಿಳಿಯುತ್ತದೆ. ಆಮೇಲೆ ಅವರು ನಿಮ್ಮ ಅಂಗೈ ಮೇಲೆ ಮಾಡಿ ತೋರಿಸಲಿ. ಎಷ್ಟು ವಿವರಿಸಿದರೂ ಆಗದ್ದು ಇದರಲ್ಲಿ ಆಗಿಬಿಡುತ್ತದೆ. ಹೊಲದ ಕೆಲಸ, ಗಾರೆ ಕೆಲಸ ಮಾಡಿ ಬೆರಳ ತುದಿ ಒರಟಾದವರಿಗೆ, ಬೆವರು ಜಾಸ್ತಿ ಇರುವವರಿಗೆ ಪರದೆ ಸರಿಯಾಗಿ ಸ್ಪಂದಿಸುವುದಿಲ್ಲ. ಒಣಬಟ್ಟೆ ಜೊತೆಗಿರಲಿ, ಬೇರೆ ಬೆರಳಲ್ಲಿ ಪ್ರಯತ್ನಿಸಲು ಹೇಳಿ.

ಟಾಕ್‌ಬ್ಯಾಕ್ ಸೆಟ್ಟಿಂಗ್ಸ್‌ನಲ್ಲಿ ಚಲನೆಗಳನ್ನು ಅಭ್ಯಾಸ ಮಾಡುವ ಪುಟವೇ ಇದೆ. ಅಲ್ಲಿ ಏನು ಮಾಡಿದರೂ ಫೋನ್ ಹಾಳಾಗುವುದಿಲ್ಲ, ಮಾಡಿದ ಚಲನೆಯ ಹೆಸರನ್ನು ಮಾತ್ರ ಹೇಳುತ್ತದೆ. ಅದನ್ನು ತೆರೆದುಕೊಟ್ಟು ಸ್ವಲ್ಪ ಹೊತ್ತು ದೂರ ಹೋಗಿ.

ನಿಮ್ಮ ಮಾತಿನ ಬಗ್ಗೆಯೂ ಎಚ್ಚರ ಇರಲಿ. "ಇಲ್ಲಿ ಒತ್ತಿ", "ಅದೇ, ಆ ಹಸಿರು ಬಟನ್" ಅನ್ನುವುದು ಅವರಿಗೆ ಏನೂ ಹೇಳುವುದಿಲ್ಲ. "ಬಲಗಡೆ ಕೆಳಮೂಲೆ, ಕೆಳಗಿನ ಅಂಚಿಗಿಂತ ಒಂದು ಬೆರಳು ಮೇಲೆ" ಅನ್ನಿ.

ಕರೆ, ಮೆಸೇಜ್, ಮತ್ತು ಹೆಸರಿಲ್ಲದ ಬಟನ್

ಕರೆ ಸ್ವೀಕರಿಸುವುದನ್ನು ಮೊದಲು ಕಲಿಸಿ, ಏಕೆಂದರೆ ಅದು ಅವರನ್ನು ಕೇಳಿ ಬರುವುದಿಲ್ಲ. ಎರಡು ಬೆರಳಲ್ಲಿ ಎರಡು ಸಲ ತಟ್ಟಿದರೆ ಕರೆ ತೆಗೆಯುತ್ತದೆ, ಮತ್ತೆ ಹಾಗೇ ಮಾಡಿದರೆ ಮುಗಿಯುತ್ತದೆ. ನೀವು ಪಕ್ಕದ ಕೋಣೆಯಿಂದ ಕರೆ ಮಾಡುತ್ತಾ ಇರಿ, ಅವರು ತೆಗೆಯುತ್ತಾ ಇರಲಿ. ಸಂಪರ್ಕದ ಹೆಸರುಗಳನ್ನು ಅವರು ಬಾಯಲ್ಲಿ ಕರೆಯುವ ಹಾಗೆ ಕನ್ನಡದಲ್ಲೇ ಉಳಿಸಿ.

ಇದಾದ ಮೇಲೆ ಮೆಸೇಜ್. ನಮ್ಮ ತರಗತಿಗೆ ಬರುತ್ತಿದ್ದ ಒಬ್ಬ ಹಿರಿಯರು ಬ್ಯಾಂಕಿನ ಮೆಸೇಜನ್ನು ತಾವೇ ಕೇಳಿಸಿಕೊಂಡ ದಿನ ಪಿಂಚಣಿ ಯಾವ ತಾರೀಕಿಗೆ ಬಂತು, ಎಷ್ಟು ಬಂತು ಅನ್ನುವುದನ್ನು ಮತ್ತೆ ಮತ್ತೆ ಹಿಂದಕ್ಕೆ ಸ್ವೈಪ್ ಮಾಡಿ ಕೇಳಿದರು. ಅಷ್ಟು ವರ್ಷ ಅದನ್ನು ಬೇರೆಯವರು ಓದಿ ಹೇಳಬೇಕಿತ್ತು. ತಮ್ಮ ಹಣದ ವಿಷಯ ತಮಗೇ ಮೊದಲು ಗೊತ್ತಾಗಬೇಕು ಅನ್ನುವುದು ದೊಡ್ಡ ಆಸೆಯೇನಲ್ಲ ಅಲ್ವಾ?

ಕೆಲವು ಆ್ಯಪ್‌ಗಳಲ್ಲಿ ಟಾಕ್‌ಬ್ಯಾಕ್ "ಬಟನ್, ಲೇಬಲ್ ಇಲ್ಲ" ಅನ್ನುತ್ತದೆ. ಆ್ಯಪ್ ಮಾಡಿದವರು ಚಿತ್ರ ಹಾಕಿ ಹೆಸರು ಕೊಡದೆ ಬಿಟ್ಟಿದ್ದಾರೆ ಅಂತ ಅರ್ಥ. ಮೂರು ಬೆರಳಲ್ಲಿ ಒಂದು ಸಲ ತಟ್ಟಿ ಟಾಕ್‌ಬ್ಯಾಕ್ ಮೆನು ತೆರೆದರೆ ಎಷ್ಟೋ ಕಡೆ ಆ ಬಟನ್ನಿಗೆ ನಾವೇ ಲೇಬಲ್ ಸೇರಿಸಬಹುದು. ಕಾಣುವವರು ಪಕ್ಕದಲ್ಲಿದ್ದಾಗ ಈ ಕೆಲಸ ಒಮ್ಮೆ ಮಾಡಿಟ್ಟರೆ ಸಾಕು. ಜೊತೆಗೆ ಪ್ಲೇ ಸ್ಟೋರಿನಲ್ಲಿ ಆ ಆ್ಯಪ್‌ನವರಿಗೆ ಯಾವ ಪುಟ, ಯಾವ ಬಟನ್ ಅಂತ ಬರೆದು ತಿಳಿಸಿ. ಸುಮ್ನೆ "ಚೆನ್ನಾಗಿಲ್ಲ" ಅಂತ ಬರೆದರೆ ಯಾರೂ ಸರಿಮಾಡುವುದಿಲ್ಲ.

ಕನ್ನಡ ಟೈಪಿಂಗ್

ಇಲ್ಲಿ ಸಮಯ ಹಿಡಿಯುತ್ತದೆ, ಅವಸರ ಬೇಡ. ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನಲ್ಲಿ ಕನ್ನಡ ಸೇರಿಸಿ. ಬೆರಳನ್ನು ಕೀಲಿಗಳ ಮೇಲೆ ಸವರುತ್ತಾ ಹೋದರೆ ಒಂದೊಂದೇ ಅಕ್ಷರ ಹೇಳುತ್ತದೆ, ಬೇಕಾದದ್ದು ಬಂದಾಗ ಬೆರಳು ಎತ್ತಿದರೆ ಅದು ಟೈಪ್ ಆಗುತ್ತದೆ. ಮೊದಲು ಜಾಗದ ಗುರುತು ಹಿಡಿಸಿ: ಕೆಳಗಿನ ಸಾಲಿನ ನಡುವೆ ಸ್ಪೇಸ್, ಬಲ ಅಂಚಿನಲ್ಲಿ ಅಳಿಸುವ ಕೀ.

ಕಷ್ಟ ಬರುವುದು ಒತ್ತಕ್ಷರದಲ್ಲಿ. ಹುಟ್ಟಿನಿಂದ ಕಾಣದವರು ಮುದ್ರಿತ ಕನ್ನಡದ ಆಕಾರವನ್ನು ನೋಡಿರುವುದಿಲ್ಲ, ಒತ್ತು ಕೆಳಗೆ ಕೂರುತ್ತದೆ ಅನ್ನುವ ವಿವರಣೆ ಅವರಿಗೆ ಬೇಕಾಗಿಯೂ ಇಲ್ಲ. ಬಾಯಲ್ಲಿ ಬಿಡಿಸಿ ಹೇಳಿ. ಅಮ್ಮ ಅಂದರೆ ಅ, ಮ, ಅರ್ಧ ಮಾಡುವ ಕೀ, ಮತ್ತೆ ಮ. ಬ್ರೈಲ್ ಓದಿದವರಿಗೆ ಇದು ಕೂಡಲೇ ಹೊಳೆಯುತ್ತದೆ, ಭಾರತೀಯ ಭಾಷೆಗಳಿಗೆ ಬಳಸುವ ಭಾರತಿ ಬ್ರೈಲ್‌ನಲ್ಲೂ ಅಕ್ಷರಗಳನ್ನು ಸಾಲಾಗಿ ಬಿಡಿಸಿಯೇ ಬರೆಯುತ್ತಾರೆ. ಬರೆದದ್ದನ್ನು ಅಕ್ಷರ ಅಕ್ಷರವಾಗಿ ಕೇಳಿ ಪರೀಕ್ಷಿಸಲು ಒಂದು ಬೆರಳನ್ನು ಮೇಲಕ್ಕೆ ಒಯ್ದು ತಕ್ಷಣ ಕೆಳಕ್ಕೆ ತರಬೇಕು. ಆಗ ಸಾಲು, ಪದ, ಅಕ್ಷರ ಎಂಬ ಆಯ್ಕೆಗಳು ಬದಲಾಗುತ್ತವೆ. ಅಕ್ಷರ ಬಂದಾಗ ನಿಲ್ಲಿಸಿ, ಕೆಳಕ್ಕೆ ಸ್ವೈಪ್ ಮಾಡುತ್ತಾ ಹೋಗುವುದು.

ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೂ ಟೈಪ್ ಆಗುತ್ತದೆ ನಿಜ. ಆದರೆ ಬರೀ ಅದನ್ನು ಕಲಿಸಿ ಬಿಡಬೇಡಿ. ಊರ ಹೆಸರು, ಪಾಸ್‌ವರ್ಡ್, ಅರ್ಜಿಯಲ್ಲಿನ ವಿಳಾಸ, ಇವಕ್ಕೆಲ್ಲ ಕೈಯಲ್ಲೇ ಟೈಪ್ ಮಾಡಬೇಕು. ಮೈಕ್ ಬಳಸುವಾಗ ಇಯರ್‌ಫೋನ್ ಇರಲಿ, ಇಲ್ಲದಿದ್ದರೆ ಟಾಕ್‌ಬ್ಯಾಕ್ ಆಡಿದ ಮಾತೂ ಸೇರಿಕೊಳ್ಳುತ್ತದೆ.

ಓದಲಾಗದ ಕನ್ನಡ

ಇದನ್ನು ಕಾಣುವವರೂ ಓದಬೇಕು, ಅದರಲ್ಲೂ ಕಚೇರಿ ಮತ್ತು ಶಾಲೆಗಳಲ್ಲಿ ಇರುವವರು. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಕಡತ ಕಣ್ಣಿಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ಕನ್ನಡ ಅಲ್ಲ. ಕನ್ನಡ ಎಂಬ ಒಂದೇ ಪದವನ್ನು ಹಳೆಯ ನುಡಿಯಲ್ಲಿ ಬರೆದರೆ ಒಳಗೆ ಉಳಿಯುವುದು ಇಂಗ್ಲಿಷಿನ ಪಿ, ಪೌಂಡ್ ಹಣದ ಚಿಹ್ನೆ, ಕ್ಯೂ, ನಡುನಡುವೆ ತಲೆಯ ಮೇಲೆ ಗೆರೆ ಇರುವ ಎ. ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ (ಪರದೆ ಓದುವ ತಂತ್ರಾಂಶ) ಅದನ್ನೇ ಓದುತ್ತದೆ. ಸುತ್ತೋಲೆ, ಪಠ್ಯ, ಪ್ರಶ್ನೆಪತ್ರಿಕೆ ಎಲ್ಲ ಹೀಗೆ ಬಂದರೆ ಫೋನ್ ಕಲಿತೂ ಪ್ರಯೋಜನವಿಲ್ಲ.

ಪರಿಹಾರ ಕಷ್ಟದ್ದೇನಲ್ಲ. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರು, ಫೋನುಗಳಿಗೂ ಕನ್ನಡ ಅಕ್ಷರ ಅಂತಲೇ ಗೊತ್ತಾಗುವ ಸಂಕೇತದಲ್ಲಿ ಟೈಪ್ ಮಾಡಿ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಕಾಗದವನ್ನು ಸ್ಕ್ಯಾನ್ ಮಾಡಿ ಕಳಿಸುವ ಬದಲು ಟೈಪ್ ಮಾಡಿದ ಮೂಲ ಕಡತವನ್ನೇ ಕಳಿಸಿ. ಸ್ಕ್ಯಾನ್ ಮಾಡಿದ್ದೇ ಇದ್ದರೆ ಗೂಗಲ್ ಡ್ರೈವ್‌ಗೆ ಹಾಕಿ, ಕಂಪ್ಯೂಟರಿನಲ್ಲಿ ಅದನ್ನು ಗೂಗಲ್ ಡಾಕ್ಸ್‌ನಲ್ಲಿ ತೆರೆಯಿರಿ. ಅಚ್ಚು ಸ್ಪಷ್ಟವಾಗಿದ್ದರೆ ಕನ್ನಡ ಪಠ್ಯ ಬಹುಮಟ್ಟಿಗೆ ಸರಿಯಾಗಿ ಬರುತ್ತದೆ.

ಕ್ಯಾಮೆರಾ ಮತ್ತು ಹಣ

ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ ಮನಿ ಎಂಬ ಆ್ಯಪ್ ಇದೆ, 2020ರ ಜನವರಿಯಲ್ಲಿ ಬಂದದ್ದು. ನೆಟ್ ಬೇಕಿಲ್ಲ. ಕಾಗದ, ಔಷಧದ ಡಬ್ಬಿ ಓದಲು ಗೂಗಲ್ ಲೆನ್ಸ್ ಇದೆ. ಬಿ ಮೈ ಐಸ್ ಆ್ಯಪ್‌ನಲ್ಲಿ ಕಾಣುವ ಸ್ವಯಂಸೇವಕರು ವಿಡಿಯೋ ಕರೆಯಲ್ಲಿ ನೋಡಿ ಹೇಳುತ್ತಾರೆ. ಕ್ಯಾಮೆರಾ ಹಿಡಿಯುವ ಅಳತೆ ಹೀಗೆ ಕಲಿಸಿ: ಕಾಗದವನ್ನು ಮೇಜಿನ ಮೇಲೆ ಇಟ್ಟು, ಫೋನನ್ನು ಅದರ ನಡುವೆ ಮಲಗಿಸಿ, ಮೊಳಕೈ ಮೇಜಿಗೆ ಊರಿ ನೆಟ್ಟಗೆ ಮೇಲಕ್ಕೆ ಎತ್ತುವುದು. ಆದರೆ ಮಾತ್ರೆ ವಿಷಯದಲ್ಲಿ ಆ್ಯಪ್ ಹೇಳಿದ್ದನ್ನಷ್ಟೇ ನಂಬಬೇಡಿ ಅಂತ ಖಂಡಿತ ಹೇಳಿ. ಔಷಧದ ಅಂಗಡಿಯಲ್ಲೇ ಡಬ್ಬಿಗೆ ಒಂದು, ಎರಡು ರಬ್ಬರ್ ಬ್ಯಾಂಡ್ ಹಾಕಿಸಿಕೊಳ್ಳುವುದು ಇನ್ನೂ ಭದ್ರ.

ಯುಪಿಐ ಕಲಿಸುವಾಗ ಮೂರು ವಿಷಯ ಬಿಡಬೇಡಿ. ಪಿನ್ ಹಾಕುವಾಗ ಇಯರ್‌ಫೋನ್ ಇರಬೇಕು ಮತ್ತು ಪರದೆ ಕಪ್ಪಾಗಿರಬೇಕು. ಪಿನ್ ನಿಮಗೂ ಗೊತ್ತಾಗಬಾರದು, ಅವರು ಹೇಳಲು ಬಂದರೂ ತಡೆಯಿರಿ. ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ, ಕೇಳಿದವರು ಮೋಸಗಾರರು. ಮೋಸವಾದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಅವತ್ತೇ ಫೋನಿನಲ್ಲಿ ಉಳಿಸಿ.

ಖಾತೆ ತೆರೆಯುವಾಗ "ಕಣ್ಣು ಮಿಟುಕಿಸಿ", "ಮುಖ ಚೌಕಟ್ಟಿನೊಳಗೆ ತನ್ನಿ" ಅನ್ನುವ ಹಂತ ಬಂದು ಎಷ್ಟೋ ಜನ ಅಲ್ಲೇ ನಿಂತಿದ್ದಾರೆ. ಆಸಿಡ್ ದಾಳಿಗೆ ಒಳಗಾದ ಪ್ರಜ್ಞಾ ಪ್ರಸೂನ್ ಮತ್ತು ಇತರರು ಇದೇ ವಿಷಯವನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2025ರ ಏಪ್ರಿಲ್ 30ರಂದು ಕೋರ್ಟು, ಡಿಜಿಟಲ್ ಸೇವೆ ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಗ್ರಾಹಕರ ಗುರುತು ಖಚಿತಪಡಿಸುವ ಈ ಕೆವೈಸಿ ಕ್ರಮವನ್ನು ಎಲ್ಲರೂ ಮಾಡುವಂತೆ ಬದಲಿಸಲು ನಿರ್ದೇಶನ ಕೊಟ್ಟಿತು. ಬ್ಯಾಂಕಿನಲ್ಲಿ "ನಿಮ್ಮಂಥವರಿಗೆ ಆಗಲ್ಲ" ಅಂದರೆ ಈ ತೀರ್ಪಿನ ಹೆಸರು ಹೇಳಿ, ಉತ್ತರವನ್ನು ಬರಹದಲ್ಲಿ ಕೇಳಿ.

ಪುಸ್ತಕ, ಆಮೇಲೆ ಕಂಪ್ಯೂಟರ್

ಓದುವ ಆಸೆ ಇರುವವರಿಗೆ ಸುಗಮ್ಯ ಪುಸ್ತಕಾಲಯ ತೋರಿಸಿ. 2016ರ ಆಗಸ್ಟ್‌ನಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಇದು. ಅಚ್ಚು ಓದಲಾಗದವರಿಗೆ ಉಚಿತ. ಕೃತಿಸ್ವಾಮ್ಯದ ಚಿಂತೆ ಬೇಡ, ಆ ಕಾಯ್ದೆಯ 2012ರ ತಿದ್ದುಪಡಿಯಲ್ಲಿ ಇದಕ್ಕೆ ಅವಕಾಶ ಮಾಡಲಾಗಿದೆ. ಬೆಂಗಳೂರಿನ ಮಿತ್ರ ಜ್ಯೋತಿ ಸಂಸ್ಥೆಯಲ್ಲಿ ಓದಿ ಧ್ವನಿಮುದ್ರಿಸಿದ ಪುಸ್ತಕಗಳ ಗ್ರಂಥಾಲಯವೂ ಇದೆ.

ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿ. ಕಣ್ಣು ಕಾಣದ ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿದ ಉಚಿತ ಸ್ಕ್ರೀನ್ ರೀಡರ್ ಇದು. ಜೊತೆಗೇ ಬರುವ ಈಸ್ಪೀಕ್ ಧ್ವನಿ ಕನ್ನಡ ಓದುತ್ತದೆ. ಧ್ವನಿ ಮೊದಲು ಒರಟಾಗಿ ಕೇಳುತ್ತದೆ, ಆದರೆ ವೇಗ ಏರಿಸಿದರೂ ಸ್ಪಷ್ಟತೆ ಹೋಗುವುದಿಲ್ಲ. ಕೆಲಸಕ್ಕೆ ಬೇಕಾದ ಮಟ್ಟದ ತರಬೇತಿ ಬೇಕಿದ್ದರೆ ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ ಸಂಸ್ಥೆಗಳನ್ನು ವಿಚಾರಿಸಿ.

ಊರಿನಲ್ಲಿ ಶಿಬಿರ ಮಾಡುವುದಾದರೆ

ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿನಲ್ಲಿ ಬಹುವಿಧ ಪುನರ್ವಸತಿ ಕಾರ್ಯಕರ್ತರು. ಯಾರ ಮನೆಯಲ್ಲಿ ಯಾರಿಗೆ ಏನು ಬೇಕು ಅಂತ ಅವರಿಗೆ ಗೊತ್ತಿರುತ್ತದೆ. ಅವರಿಂದಲೇ ಶುರುಮಾಡಿ. ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ) ಇಲ್ಲದವರಿಗೆ ಅವತ್ತೇ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿಸಿ. ಕೇಂದ್ರದ ಎಡಿಪ್ ಯೋಜನೆಯಲ್ಲಿ ಸಾಧನ ಪಡೆಯಲು, ರಾಜ್ಯ ಸರ್ಕಾರ ವಿದ್ಯಾರ್ಥಿಗಳಿಗೆ ಕೊಡುವ ಟಾಕಿಂಗ್ ಲ್ಯಾಪ್‌ಟಾಪ್ ಕೇಳಲು ದಾಖಲೆ ಬೇಕಾಗುತ್ತದೆ. ವಿವರ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿಯವರ ಕಚೇರಿಯಲ್ಲಿ ಸಿಗುತ್ತದೆ.

ಕಲಿಸುವವರಲ್ಲಿ ಒಬ್ಬರಾದರೂ ಸ್ವತಃ ಕಣ್ಣು ಕಾಣದವರಾಗಿರಲಿ. ನಾವು ಎಷ್ಟು ಹೇಳಿದರೂ ನಂಬದವರು, ಅವರು ಫೋನ್ ತೆಗೆದು ಪಟಪಟ ಮೆಸೇಜ್ ಕಳಿಸುವುದನ್ನು ಕೇಳಿಸಿಕೊಂಡರೆ ನಂಬುತ್ತಾರೆ. ಅವರಿಗೆ ಸಂಭಾವನೆ ಕೊಡಿ, ಬರೀ ಶಾಲು ಸಾಲದು. ಒಬ್ಬ ಕಲಿಸುವವರಿಗೆ ಮೂರೇ ಜನ ಇರಲಿ, ಹತ್ತು ಫೋನ್ ಒಟ್ಟಿಗೆ ಮಾತಾಡಿದರೆ ಯಾರಿಗೂ ತಮ್ಮ ಫೋನಿನ ಮಾತು ಕೇಳುವುದಿಲ್ಲ. ಕಿವಿ ಕೇಳದವರು ಬಂದರೆ ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ತೋರಿಸಿ, ಆಡಿದ ಕನ್ನಡವನ್ನು ಪರದೆಯ ಮೇಲೆ ಬರೆಯುತ್ತಾ ಹೋಗುತ್ತದೆ.

ಮನೆಯವರಿಗೂ ಅರ್ಧ ಗಂಟೆ ಮೀಸಲಿಡಿ. ಕಲಿತ ಫೋನ್ ಮೂಲೆ ಸೇರುವುದು ಹೆಚ್ಚಾಗಿ ಇಲ್ಲೇ. ಮನೆಯಲ್ಲಿ ಯಾರೋ ಫೋನ್ ತೆಗೆದುಕೊಂಡಿರುತ್ತಾರೆ, ಮಾತಾಡುವುದು ಕಿರಿಕಿರಿ ಅಂತ ಟಾಕ್‌ಬ್ಯಾಕ್ ಆಫ್ ಮಾಡಿರುತ್ತಾರೆ, ವಾಪಸ್ ಆನ್ ಮಾಡಿರುವುದಿಲ್ಲ. ಆ ಎರಡು ವಾಲ್ಯೂಮ್ ಕೀಗಳ ವಿಷಯವನ್ನು ಮನೆಯ ಎಲ್ಲರಿಗೂ ಹೇಳಿಕೊಡಿ. ಒಂದು ವಾರದೊಳಗೆ ಅವರೇ ನಿಮಗೆ ಕರೆ ಮಾಡಬೇಕು ಅಂತ ಕಲಿತವರಿಗೆ ಹೇಳಿ ಬನ್ನಿ. ಕರೆ ಬರದಿದ್ದರೆ ನೀವೇ ಮಾಡಿ, ಟಾಕ್‌ಬ್ಯಾಕ್ ಆನ್ ಇದೆಯಾ ಅಂತ ಮೊದಲು ಕೇಳಿ.